ಕೈ ಯಾರದು, ಎಲೆ ಯಾರದು?

ಊಟದ ಚರಿತ್ರೆ ಅಂದರೆ ರುಚಿಯ ಚರಿತ್ರೆ ಅಂತ ಉಳ್ಳವರು ತಿಳಿದಿದ್ದಾರೆ. ನಮಗೆ ಅದು ಬೇರೆ. ಯಾರ ಕೈ ಬೇಯಿಸಿತು, ಯಾರು ಎಲೆಯ ಮುಂದೆ ಕೂತರು, ಯಾರು ಬಾಗಿಲಾಚೆ ನಿಂತರು ಅನ್ನುವುದೇ ನಮ್ಮ ಪಾಲಿನ ಊಟದ ಚರಿತ್ರೆ. ಸಿಂಹಾಸನಗಳ ಲೆಕ್ಕ ಇಟ್ಟ ಚರಿತ್ರೆಕಾರರು ಒಲೆಗಳ ಲೆಕ್ಕ ಇಡಲಿಲ್ಲ. ಒಲೆಯ ಮುಂದೆ ನಿಂತು ತಮ್ಮ ಕಾಲಕ್ಕೆ ಉತ್ತರ ಕೊಟ್ಟವರ ಹೆಸರುಗಳನ್ನು ನಾವೇ ಹುಡುಕಿ ತೆಗೀಬೇಕು. ಇಲ್ಲಿ ಅಂಥ ಒಂದು ಹೆಸರು ತೆಗೆದಿದ್ದೇವೆ. ಥಾಮಸ್ ಡೌನಿಂಗ್. ಊರು ನ್ಯೂಯಾರ್ಕ್. ಕಸುಬು ಸಿಂಪಿ ಅಂಗಡಿ. ಹುಟ್ಟು 1791, ಸಾವು 1866. ಬಣ್ಣ ಕಪ್ಪು.

ಸಿಂಪಿ ಅಂದಕೂಡಲೆ ನಮ್ಮ ಬಯಲುಸೀಮೆಯವರಿಗೆ ಮುತ್ತು ನೆನಪಾಗ್ತದೆ. ಇದು ಮುತ್ತಿನ ಸಿಂಪಿ ಅಲ್ಲ, ತಿನ್ನುವ ಸಿಂಪಿ. ಇಂಗ್ಲಿಷಿನವರು ಆಯ್‌ಸ್ಟರ್ ಅಂತಾರೆ. ಹೊಳೆಯ ಸಿಹಿನೀರೂ ಕಡಲ ಉಪ್ಪುನೀರೂ ಕೂಡುವ ಅಳಿವೆಯಲ್ಲಿ, ಬಂಡೆಗೋ ಹಳೇ ಚಿಪ್ಪಿಗೋ ಕಚ್ಚಿಕೊಂಡು, ಒಂದರ ಮೇಲೊಂದು ಬೆಳೆಯುವ ಜೀವ ಅದು. ಹೊರಗೆ ಒರಟು ಚಿಪ್ಪು, ಒಳಗೆ ಮೆತ್ತನೆ ಮಾಂಸ. ಗಿಡ್ಡ ಚಾಕುವನ್ನು ಚಿಪ್ಪಿನ ಸಂದಿಗೆ ತೂರಿಸಿ, ಮಣಿಕಟ್ಟು ತಿರುವಿ ಬಾಯಿ ಬಿಡಿಸಬೇಕು. ಕಸುಬು ಗೊತ್ತಿಲ್ಲದವನ ಅಂಗೈ ಸೀಳಿ ಹೋಗ್ತದೆ. ನಿಂಬೆರಸ ಹಿಂಡಿ ಹಸಿಯಾಗಿಯೇ ನುಂಗುವವರಿದ್ದಾರೆ. ಹುರಿದು, ಬೇಯಿಸಿ, ಸಾರು ಮಾಡಿ ತಿನ್ನುವವರೂ ಇದ್ದಾರೆ. ನಮ್ಮ ಕರಾವಳಿಯಲ್ಲೂ ಅಳಿವೆಯ ಕೆಸರಿಗೆ ಇಳಿದು ಚಿಪ್ಪು ಹೆಕ್ಕುವ ಹೆಂಗಸರಿದ್ದಾರೆ. ಮರುವಾಯಿ ಅಂದರೆ ದಕ್ಷಿಣ ಕನ್ನಡದ ಗೆಳೆಯರಿಗೆ ತಕ್ಷಣ ಗೊತ್ತಾಗ್ತದೆ. ಸಿಂಪಿ ಅದರ ದಾಯಾದಿ.

ಹಡ್ಸನ್ ನದಿ ಕಡಲು ಸೇರುವ ಜಾಗದಲ್ಲಿ ನ್ಯೂಯಾರ್ಕ್ ಇದೆ. ಒಂದು ಕಾಲಕ್ಕೆ ಆ ಅಳಿವೆಯ ತಳದ ತುಂಬ ಸಿಂಪಿಯೇ ಸಿಂಪಿ. ಬಿಳಿಯರು ಹಡಗಿನಿಂದ ಇಳಿಯುವ ಮುಂಚೆ ಸಾವಿರಾರು ವರ್ಷ ಅಲ್ಲಿನ ಮೂಲನಿವಾಸಿಗಳಾದ ಲೆನಾಪೆ ಜನ ಅದನ್ನು ತಿಂದು ಬದುಕಿದರು. ಅವರು ತಿಂದು ಬಿಟ್ಟ ಚಿಪ್ಪುಗಳು ದಿಬ್ಬಗಳಾಗಿ ಬಿದ್ದಿದ್ದವು. 17ನೇ ಶತಮಾನದಲ್ಲಿ ಡಚ್ಚರು ಬಂದರು, ಅವರ ಹಿಂದೆ ಇಂಗ್ಲಿಷರು. ಲೆನಾಪೆಗಳ ನೆಲ ಹೋಯಿತು. ಚಿಪ್ಪು ಉಳಿಯಿತು. ಅದನ್ನು ಸುಟ್ಟು ಸುಣ್ಣ ಮಾಡಿ ಬಂದವರು ತಮ್ಮ ಗೋಡೆ ಕಟ್ಟಿಕೊಂಡರು. ಆ ನಗರದಲ್ಲಿ ಈಗಲೂ ಪರ್ಲ್ ಸ್ಟ್ರೀಟ್ ಅಂತ ಒಂದು ಬೀದಿ ಇದೆ, ಮುತ್ತಿನ ಬೀದಿ. ಆ ಹೆಸರು ಬಂದದ್ದು ಹಳೆಯ ಕಡಲಂಚಿನ ಈ ಚಿಪ್ಪುಗಳಿಂದ. ನೆಲ ಕಳಕೊಂಡವರ ಹೆಸರಲ್ಲಿ ಅಲ್ಲ, ಅವರು ಉಂಡು ಬಿಟ್ಟ ಚಿಪ್ಪಿನ ಹೆಸರಲ್ಲಿ!

19ನೇ ಶತಮಾನದ ಹೊತ್ತಿಗೆ ಸಿಂಪಿ ನ್ಯೂಯಾರ್ಕಿನ ದಿನದ ಊಟವಾಗಿತ್ತು. ಬಡವನೂ ತಿನ್ನುತ್ತಿದ್ದ, ಸಾಹುಕಾರನೂ ತಿನ್ನುತ್ತಿದ್ದ. ಬೀದಿಯಲ್ಲಿ ತಳ್ಳುಗಾಡಿಗಳು, ಬೀದಿಯ ಕೆಳಗೆ ನೆಲಮಾಳಿಗೆಗಳು. ನಾಲ್ಕು ಮೆಟ್ಟಿಲು ಇಳಿದರೆ ಮಬ್ಬು ಬೆಳಕು, ಬಿಯರಿನ ವಾಸನೆ, ಸಿಂಪಿ ಸುಲಿಯುವ ಸದ್ದು. ಬಾಗಿಲಲ್ಲಿ ಕೆಂಪು ದೀಪ ತೂಗುತ್ತಿದ್ದರೆ ಅದು ಸಿಂಪಿ ಅಂಗಡಿ ಅಂತ ಗುರುತು. ಜೂಜು, ಕುಡಿತ, ಹೊಡೆದಾಟ ಎಲ್ಲ ಅಲ್ಲೇ. ಮರ್ಯಾದಸ್ತರು ಹೆಂಡತಿಯನ್ನು ಕರಕೊಂಡು ಬರುವ ಜಾಗ ಅದಲ್ಲ.

ಈ ಕಸುಬಿನಲ್ಲಿ ಕಪ್ಪು ಜನ ಬಹಳ. ಯಾಕೆ? ನೀರಿಗೆ ಇಳಿಯುವ, ಮೈ ಕೊರೆಯುವ, ಕೈ ಸೀಳುವ ಕೆಲಸ ಯಾವ ದೇಶದಲ್ಲಿ ಯಾರ ಪಾಲಿಗೆ ಬರ್ತದೆ ಅಂತ ನಮಗೆ ಬಿಡಿಸಿ ಹೇಳಬೇಕಿಲ್ಲ. ಮೇರಿಲ್ಯಾಂಡ್, ವರ್ಜೀನಿಯಾ ಕಡೆಯ ಚೆಸಪೀಕ್ ಕೊಲ್ಲಿಯಲ್ಲಿ ಗುಲಾಮರೂ ಬಿಡುಗಡೆಯಾದ ಕಪ್ಪು ಜನರೂ ತಲೆಮಾರುಗಳಿಂದ ಸಿಂಪಿ ಎತ್ತುತ್ತಿದ್ದರು. ಕಸುಬು ಅವರ ಕೈಲಿತ್ತು. ಲಾಭ ಮಾತ್ರ ಅವರ ಕೈಲಿರಲಿಲ್ಲ.

ಥಾಮಸ್ ಡೌನಿಂಗ್ ಹುಟ್ಟಿದ್ದು ಅದೇ ಕಡಲ ತಡಿಯಲ್ಲಿ, ವರ್ಜೀನಿಯಾದ ಚಿಂಕಟೀಗ್ ಅನ್ನುವ ದ್ವೀಪದಲ್ಲಿ. ಅಪ್ಪ ಅಮ್ಮ ಗುಲಾಮರಾಗಿದ್ದವರು. ಒಡೆಯ ಕ್ಯಾಪ್ಟನ್ ಜಾನ್ ಡೌನಿಂಗ್ ಮೆಥಡಿಸ್ಟ್ ಪಂಥಕ್ಕೆ ಸೇರಿದ ಮೇಲೆ ಅವರನ್ನು ಬಿಡುಗಡೆ ಮಾಡಿದ. ಬಿಡುಗಡೆ ಸಿಕ್ಕಿತು, ಹೆಸರು ಮಾತ್ರ ಒಡೆಯನದೇ ಉಳಿಯಿತು. ಗುಲಾಮಗಿರಿ ಮನುಷ್ಯನ ಬೆನ್ನ ಮೇಲೆ ಮಾತ್ರ ಬರೆ ಎಳೆಯೋದಿಲ್ಲ, ಹೆಸರಿನ ಮೇಲೂ ಎಳೀತದೆ. ಅಪ್ಪ ಅಮ್ಮ ಊರಿನ ಪ್ರಾರ್ಥನಾಮಂದಿರ ನೋಡಿಕೊಂಡರು. ಹುಡುಗ ಕಪ್ಪೆಚಿಪ್ಪು ಅಗೆದ, ಮೀನು ಹಿಡಿದ, ಸಿಂಪಿ ಎತ್ತಿದ.

1812ರಲ್ಲಿ ಅಮೆರಿಕಕ್ಕೂ ಬ್ರಿಟನ್ನಿಗೂ ಯುದ್ಧ ಹತ್ತಿತು. ಸೈನ್ಯದ ಹಿಂದೆ ಉತ್ತರಕ್ಕೆ ಹೊರಟ ಥಾಮಸ್ ಫಿಲಡೆಲ್ಫಿಯಾದಲ್ಲಿ ನಿಂತ. ಕೆಲವು ವರ್ಷ ಅಲ್ಲೇ ದುಡಿದು, ರೆಬೆಕಾ ವೆಸ್ಟ್ ಅನ್ನುವವಳನ್ನು ಮದುವೆಯಾದ. 1819ರಲ್ಲಿ ನ್ಯೂಯಾರ್ಕಿಗೆ ಬಂದ. ಒಂದು ಸಣ್ಣ ದೋಣಿ ಕೊಂಡ. ಹಡ್ಸನ್ ದಾಟಿ ನ್ಯೂಜೆರ್ಸಿ ಕಡೆಯ ತಡಿಯಲ್ಲಿ ಸಿಂಪಿ ಎತ್ತುವುದು, ತಂದು ಮಾರುವುದು. ಸಿಂಪಿ ಎತ್ತುವ ಸಾಧನ ಅಂದರೆ ಎರಡು ಉದ್ದ ಗಳುಗಳನ್ನು ಕತ್ತರಿಯ ಹಾಗೆ ಕೂಡಿಸಿ, ತುದಿಗೆ ಕಬ್ಬಿಣದ ಹಲ್ಲು ಜೋಡಿಸಿದ ಇಕ್ಕಳ. ದೋಣಿಯ ಅಂಚಿನಲ್ಲಿ ನಿಂತು, ನೀರಿನ ತಳ ತಡವಿ, ಬಾಚಿ, ಮೇಲಕ್ಕೆ ಎಳೀಬೇಕು. ಅದೂ ಚಳಿಗಾಲದಲ್ಲಿ. ಸಿಂಪಿ ಚೆನ್ನಾಗಿರೋದು ಚಳಿಯಲ್ಲೇ.

ಅವನು ಬಂದ ನ್ಯೂಯಾರ್ಕ್ ಯಾವುದು? ಗುಲಾಮಗಿರಿ ಇನ್ನೂ ಪೂರ್ತಿ ಹೋಗಿರದ ನ್ಯೂಯಾರ್ಕ್. ಆ ರಾಜ್ಯದಲ್ಲಿ ಅದು ಕಾನೂನಿನ ಪ್ರಕಾರ ಕೊನೆಯಾದದ್ದು 1827ರ ಜುಲೈ 4ಕ್ಕೆ. ಅದಕ್ಕೂ ಮುಂಚೆ, 1821ರಲ್ಲಿ, ಆ ರಾಜ್ಯ ಹೊಸ ಸಂವಿಧಾನ ಮಾಡಿಕೊಂಡಿತು. ಮತ ಹಾಕಲು ಬಿಳಿಯ ಗಂಡಸಿಗೆ ಇದ್ದ ಆಸ್ತಿಯ ಕಟ್ಟಳೆ ತೆಗೆದುಹಾಕಿತು. ಕರಿಯನಿಗೆ ಮಾತ್ರ 250 ಡಾಲರ್ ಆಸ್ತಿ ಇರಲೇಬೇಕು ಅಂತ ಬರೆಯಿತು. ಒಂದೇ ಕಾಗದ, ಒಂದೇ ಶಾಯಿ. ಒಬ್ಬನಿಗೆ ಬಾಗಿಲು, ಇನ್ನೊಬ್ಬನಿಗೆ ಗೋಡೆ. ಇದಕ್ಕೆ ಅವರು ಪ್ರಜಾಪ್ರಭುತ್ವ ಅಂತ ಹೆಸರಿಟ್ಟರು.

ಈ ಊರಿನಲ್ಲಿ 1825ರಲ್ಲಿ ಥಾಮಸ್ ಡೌನಿಂಗ್ ಬ್ರಾಡ್ ಬೀದಿಯ 5ನೇ ನಂಬರಿನ ನೆಲಮಾಳಿಗೆಯಲ್ಲಿ ತನ್ನ ಸಿಂಪಿ ಅಂಗಡಿ ತೆರೆದ. ವಾಲ್ ಸ್ಟ್ರೀಟ್ ಪಕ್ಕದಲ್ಲೇ. ಬ್ಯಾಂಕು, ಸುಂಕದ ಕಚೇರಿ, ವ್ಯಾಪಾರಿಗಳ ಮಂಡಿ ಎಲ್ಲ ಕೂಗಳತೆ. ಹತ್ತು ವರ್ಷದಲ್ಲಿ, 1835ರ ಹೊತ್ತಿಗೆ, ಅಕ್ಕಪಕ್ಕದ 3 ಮತ್ತು 7ನೇ ನಂಬರಿಗೂ ಅಂಗಡಿ ಹಬ್ಬಿತು. ಅವನು ಕೆಂಪು ದೀಪದ ಮಬ್ಬು ನೆಲಮಾಳಿಗೆಯನ್ನು ತಿರುವಿ ಹಾಕಿದ. ನೆಲಕ್ಕೆ ಜಮಖಾನ, ಕಿಟಕಿಗೆ ಹೂವಿನ ನೇಯ್ಗೆಯ ಪರದೆ, ಗೋಡೆಗೆ ಕನ್ನಡಿ, ಮೇಲೆ ತೂಗುದೀಪ. ಗಂಡಸರು ಹೆಂಡತಿಯರನ್ನು ಕರಕೊಂಡು ಬರುವ ಹಾಗಾಯಿತು. ಸಿಂಪಿಯನ್ನು ಹಸಿಯಾಗಿ ಕೊಟ್ಟ, ಒಲೆಯಲ್ಲಿ ಸುಟ್ಟು ಕೊಟ್ಟ, ಹಿಟ್ಟಿನ ಹೊದಿಕೆಯೊಳಗೆ ಬೇಯಿಸಿ ಕೊಟ್ಟ, ಮೀನಿನ ಮೇಲೆ ಸಿಂಪಿಯ ಗೊಜ್ಜು ಹಾಕಿ ಕೊಟ್ಟ, ಟರ್ಕಿ ಕೋಳಿಯ ಹೊಟ್ಟೆಯೊಳಗೆ ತುಂಬಿ ಬೇಯಿಸಿ ಕೊಟ್ಟ. ಉಪ್ಪಿನಕಾಯಿಯ ಹಾಗೆ ಹಾಕಿ ಕಡಲಾಚೆಗೂ ಕಳಿಸಿದ. ಇಂಗ್ಲೆಂಡಿನ ರಾಣಿ ವಿಕ್ಟೋರಿಯಾಳಿಗೆ ಅವನ ಸಿಂಪಿ ತಲುಪಿ, ಅವಳಿಂದ ಚಿನ್ನದ ಗಡಿಯಾರ ಉಡುಗೊರೆಯಾಗಿ ಬಂತು. 1842ರ ಫೆಬ್ರವರಿಯಲ್ಲಿ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ನ್ಯೂಯಾರ್ಕಿಗೆ ಬಂದಾಗ ನಗರದ ದೊಡ್ಡ ಮನುಷ್ಯರು ಪಾರ್ಕ್ ಥಿಯೇಟರಿನಲ್ಲಿ ಭಾರಿ ಔತಣ ಏರ್ಪಡಿಸಿದರು. ಅಡುಗೆಯ ಗುತ್ತಿಗೆ ಡೌನಿಂಗನದು.

ಅವನ ವ್ಯಾಪಾರದ ಗುಟ್ಟನ್ನು ಅವನ ಮಗ ಮುಂದೆ ಬರೆದಿಟ್ಟಿದ್ದಾನೆ. ನಡುರಾತ್ರಿ ಎದ್ದು, ಲಾಟೀನು ಹಿಡಿದು, ದೋಣಿ ನಡೆಸಿಕೊಂಡು, ಬಂದರಿಗೆ ಬರುವ ಸಿಂಪಿ ಹಡಗುಗಳಿಗೆ ದಾರಿಯಲ್ಲೇ ಎದುರಾಗುತ್ತಿದ್ದ. ಒಳ್ಳೇ ಮಾಲನ್ನು ಅಲ್ಲೇ ಆರಿಸಿ ಕೊಳ್ಳುತ್ತಿದ್ದ. ಆಮೇಲೆ ದಡಕ್ಕೆ ಬಂದು, ಉಳಿದ ಮಾಲಿನ ಹರಾಜಿನಲ್ಲೂ ನಿಂತು ಬೆಲೆ ಏರಿಸುತ್ತಿದ್ದ. ಹಡಗಿನವರಿಗೆ ನಷ್ಟವಾಗಬಾರದು, ನಾಳೆಯೂ ಅವರು ತನಗೇ ಮೊದಲು ತೋರಿಸಬೇಕು. ನೀರಿನಲ್ಲಿ ದುಡಿದವನಿಗೆ ಮಾತ್ರ ಹೊಳೆಯುವ ಲೆಕ್ಕ ಇದು.

ಇಷ್ಟು ಕಥೆ ಹೇಳಿ ಕೈಮುಗಿದರೆ ಸಾಕಾಗೋದಿಲ್ಲ. ಶಾಲೆಯ ಪಠ್ಯಪುಸ್ತಕದ ಸಾಧಕರ ಪಾಠ ಇಲ್ಲಿಗೇ ನಿಲ್ತದೆ. ಕಷ್ಟಪಟ್ಟ, ಮೇಲೆ ಬಂದ, ನೀವೂ ಹಾಗೇ ಆಗಿ. ಅಷ್ಟೆ. ನಾವು ಆ ಮೆಟ್ಟಿಲು ಇಳಿದು ಯಜಮಾನನನ್ನೇ ಮಾತಾಡಿಸಬೇಕು. ಅವನು ತೀರಿಕೊಂಡು ಒಂದೂವರೆ ಶತಮಾನ ದಾಟಿದೆ. ಬಾಯಿಂದ ಉತ್ತರ ಬರೋದಿಲ್ಲ. ಅವನು ಮಾಡಿದ್ದರಿಂದ, ಅವನಿಗೆ ಆದದ್ದರಿಂದ ಬರಬೇಕು.

ಮೊದಲ ಪ್ರಶ್ನೆ ಕಟುವಾದದ್ದೇ. ಥಾಮಸಣ್ಣ, ನಿನ್ನ ಅಂಗಡಿಯಲ್ಲಿ ನಿನ್ನ ಜನಕ್ಕೆ ಕುರ್ಚಿ ಇತ್ತಾ?

ಇರಲಿಲ್ಲ. ಗಿರಾಕಿಗಳು ಬಿಳಿಯರು. ಬ್ಯಾಂಕಿನವರು, ವರ್ತಕರು, ರಾಜಕಾರಣಿಗಳು. ಪಕ್ಕದ ಮೇಜಿಗೆ ಒಬ್ಬ ಕರಿಯ ಗಿರಾಕಿ ಬಂದು ಕೂತರೆ ಅಷ್ಟೂ ಜನ ಎದ್ದು ಹೋಗುವ ಕಾಲ. ಅಂಗಡಿಯ ಯಜಮಾನ ಕಪ್ಪು, ಸುಲಿಯುವ ಕೈ ಕಪ್ಪು, ತಿನ್ನುವ ಬಾಯಿ ಬಿಳಿ. ಇದನ್ನು ಮುಚ್ಚಿಡುವ ಅಗತ್ಯ ನಮಗಿಲ್ಲ. ಹಾಗಂತ ಇದೊಂದನ್ನೇ ಹಿಡಿದು ಅವನಿಗೆ ದಾಸಯ್ಯ ಅಂತ ಪಟ್ಟ ಕಟ್ಟುವ ಆತುರವೂ ನಮಗಿಲ್ಲ. ಎರಡನೇ ಪ್ರಶ್ನೆ ಕೇಳಿದ ಮೇಲೆ ತೀರ್ಮಾನ ಮಾಡೋಣ.

ಅವರ ದುಡ್ಡು ತಗೊಂಡು ಏನು ಮಾಡಿದೆ?

1836ರಲ್ಲಿ ನ್ಯೂಯಾರ್ಕ್ ನಗರದ ಕಪ್ಪು ಜನರೇ ಸೇರಿ ಗುಲಾಮಗಿರಿಯ ವಿರುದ್ಧ ತಮ್ಮದೇ ಒಂದು ಸಂಘ ಕಟ್ಟಿದರು. ಕಟ್ಟಿದವರಲ್ಲಿ ಡೌನಿಂಗ್ ಒಬ್ಬ. ಬಿಳಿಯ ದಯಾಳುಗಳ ಸಂಘಗಳು ಆಗಲೇ ಇದ್ದವು. ನಮ್ಮ ಬಿಡುಗಡೆಯ ಮಾತನ್ನು ನಾವೇ ಆಡಬೇಕು ಅಂತ ಅವರು ಹೊರಟರು. 250 ಡಾಲರಿನ ಕಟ್ಟಳೆ ತೆಗೀರಿ ಅಂತ ಮನವಿಗಳು ಹೋದವು, ಅದರಲ್ಲೂ ಅವನಿದ್ದ. ಅವನಿಗೇನು, ಆಸ್ತಿ ಇತ್ತು. ಆ ಕಟ್ಟಳೆಯಿಂದ ಅವನಿಗೆ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ಬಂದರಿನಲ್ಲಿ ಮೂಟೆ ಹೊರುವ ಕರಿಯನಿಗೆ. ಅವನ ಪರವಾಗಿ ಇವನು ನಿಂತ. ಕಪ್ಪು ಮಕ್ಕಳ ಶಾಲೆಗಳಿಗಾಗಿ ದುಡಿದ.

ಆ ಶಾಲೆಗಳ ಬಗ್ಗೆ ಮೇಷ್ಟ್ರುಗಳು ತಿಳೀಬೇಕು. ಡೌನಿಂಗನ ಮಗ ಜಾರ್ಜ್ ಓದಿದ್ದು ಆಫ್ರಿಕನ್ ಫ್ರೀ ಸ್ಕೂಲ್ ಅನ್ನುವ ಶಾಲೆಯಲ್ಲಿ. ಅದೇ ಶಾಲೆಯಲ್ಲಿ ಓದಿದ ಜೇಮ್ಸ್ ಮೆಕ್ಯೂನ್ ಸ್ಮಿತ್ ಅನ್ನುವ ಹುಡುಗನನ್ನು ಅಮೆರಿಕದ ಕಾಲೇಜುಗಳು ಬಣ್ಣ ನೋಡಿ ಹೊರಗಿಟ್ಟವು. ಅವನು ಕಡಲು ದಾಟಿ ಗ್ಲಾಸ್ಗೋಗೆ ಹೋಗಿ 1837ರಲ್ಲಿ ವೈದ್ಯ ಪದವಿ ಪಡೆದು ಬಂದ. ಅದೇ ಶಾಲೆಯ ಹೆನ್ರಿ ಹೈಲ್ಯಾಂಡ್ ಗಾರ್ನೆಟ್ ಗುಲಾಮನಾಗಿ ಹುಟ್ಟಿದವನು. 1865ರ ಫೆಬ್ರವರಿ 12ರಂದು ಅಮೆರಿಕದ ಪ್ರತಿನಿಧಿ ಸಭೆಯ ಭವನದಲ್ಲಿ ನಿಂತು ಧರ್ಮೋಪದೇಶ ಮಾಡಿದ. ಆ ಭವನದಲ್ಲಿ ಮಾತಾಡಿದ ಮೊದಲ ಕಪ್ಪು ಮನುಷ್ಯ ಅವನು. ಒಂದು ಬಡ ಶಾಲೆ. ಅದರ ಹಲಗೆಯ ಮುಂದೆ ಕೂತ ಮಕ್ಕಳು ಒಂದು ದೇಶವನ್ನು ಅಲ್ಲಾಡಿಸಿದರು.

ಇನ್ನೂ ಒಂದಿದೆ. ಡೌನಿಂಗನ ಅಂಗಡಿಯಲ್ಲಿ ಬ್ಯಾಂಕಿನವರು ಸಿಂಪಿ ತಿನ್ನುತ್ತಿದ್ದಾಗ, ಅದೇ ಕಟ್ಟಡದ ನೆಲಮಾಳಿಗೆಯಲ್ಲಿ ದಕ್ಷಿಣದಿಂದ ಓಡಿಬಂದ ಗುಲಾಮರನ್ನು ಬಚ್ಚಿಡುತ್ತಿದ್ದರು ಅಂತ ಚರಿತ್ರೆಕಾರರು ಬರೀತಾರೆ. ಉಣ್ಣುತ್ತಿದ್ದವರು ಯಾರು? ದಕ್ಷಿಣದ ಹತ್ತಿಯ ವ್ಯಾಪಾರದಿಂದ ಕೊಬ್ಬಿದ ನಗರದ ವರ್ತಕರು. ಆ ಹತ್ತಿಯನ್ನು ಬಿಡಿಸಿದ ಕೈಗಳು ಅದೇ ಸೂರಿನ ಕೆಳಗೆ ಉಸಿರು ಬಿಗಿಹಿಡಿದು ಕೂತಿದ್ದವು. ಅಂಗಡಿಯ ಗೌರವವೇ ಅದಕ್ಕೆ ಮರೆ. ಇಷ್ಟು ದೊಡ್ಡವರು ಬಂದು ಉಣ್ಣುವ ಜಾಗದಲ್ಲಿ ಗುಲಾಮನನ್ನು ಹುಡುಕೋಣ ಅಂತ ಯಾವ ಪೊಲೀಸನಿಗೆ ಅನ್ನಿಸೀತು?

ಇದರ ಅಪಾಯ ಎಷ್ಟು ಅಂತ ತಿಳಿಯಲು 1850ರ ಕಾನೂನು ನೋಡಬೇಕು. ಓಡಿಹೋದ ಗುಲಾಮನನ್ನು ದೇಶದ ಯಾವ ಮೂಲೆಯಲ್ಲಿದ್ದರೂ ಹಿಡಿದು ಒಡೆಯನಿಗೆ ಒಪ್ಪಿಸಬೇಕು, ನೆರವಾದವರಿಗೆ ದಂಡ, ಸೆರೆ. ಕಾನೂನು ಬಂದ ಕೆಲವೇ ದಿನಗಳಲ್ಲಿ ನ್ಯೂಯಾರ್ಕಿನಲ್ಲಿ ಕೂಲಿ ಮಾಡಿಕೊಂಡಿದ್ದ ಜೇಮ್ಸ್ ಹ್ಯಾಮ್ಲೆಟ್ ಅನ್ನುವವನನ್ನು ಹಿಡಿದು ದಕ್ಷಿಣಕ್ಕೆ ಸಾಗಿಸಿದರು. ನಗರದ ಜನ ವಂತಿಗೆ ಎತ್ತಿ, 800 ಡಾಲರ್ ಕೂಡಿಸಿ, ಅವನನ್ನು ಕೊಂಡು ತಂದರು. ಹೌದು, ಕೊಂಡು ತಂದರು. ಮನುಷ್ಯನ ಬಿಡುಗಡೆಗೂ ಅಲ್ಲಿ ರಸೀತಿ ಇತ್ತು.

ಮೂರನೇ ಪ್ರಶ್ನೆ. ಥಾಮಸಣ್ಣ, ದುಡ್ಡು ಬಂದ ಮೇಲೆ ಬಣ್ಣ ಮಾಸಿತಾ?

ಮಾಸಲಿಲ್ಲ. ಹಾರ್ಲೆಮ್ ರೈಲಿನಲ್ಲಿ ಬಿಳಿಯರ ಡಬ್ಬಿಯಿಂದ ಏಳಲು ಒಪ್ಪದ್ದಕ್ಕೆ ರೈಲಿನ ಆಳುಗಳು ಅವನನ್ನು ಹೊಡೆದರು. ನ್ಯಾಯಾಲಯಕ್ಕೆ ಹೋದ. ಸೋತ. ಮಧ್ಯಾಹ್ನ ಅವನ ಮೇಜಿನಲ್ಲಿ ಉಂಡ ನಗರ ಸಾಯಂಕಾಲ ಅವನ ಪಕ್ಕ ಕೂರಲು ಒಪ್ಪಲಿಲ್ಲ. ಹಣ ಇದ್ದರೆ ಜಾತಿ ಯಾರು ಕೇಳ್ತಾರೆ ಅಂತ ನಮ್ಮಲ್ಲೂ ಬುದ್ಧಿವಂತರು ಹೇಳುತ್ತಾರಲ್ಲ, ಅವರು ಈ ಸಾಹುಕಾರ ಸಿಂಪಿ ವ್ಯಾಪಾರಿಯ ಮೈಮೇಲಿನ ಬಾಸುಂಡೆ ನೋಡಲಿ.

ಬಾಗಿಲು ತೆರೆದದ್ದು ಹಣದಿಂದಲ್ಲ, ಹೋರಾಟದಿಂದ. 1854ರ ಜುಲೈ 16, ಭಾನುವಾರ. ಎಲಿಜಬೆತ್ ಜೆನ್ನಿಂಗ್ಸ್ ಅನ್ನುವ ಕಪ್ಪು ಶಾಲಾಶಿಕ್ಷಕಿ ಚರ್ಚಿಗೆ ಹೊರಟಿದ್ದಳು. ಕುದುರೆ ಎಳೆಯುವ ಟ್ರಾಮು ಹತ್ತಿದಳು. ಇಳಿ ಅಂದರು. ಇಳಿಯಲಿಲ್ಲ. ಕಂಡಕ್ಟರೂ ಪೊಲೀಸನೂ ಸೇರಿ ಎಳೆದು ಬೀದಿಗೆ ಹಾಕಿದರು. ಅವಳ ತಂದೆ ಥಾಮಸ್ ಜೆನ್ನಿಂಗ್ಸ್ ದರ್ಜಿ. ಜನರನ್ನು ಕೂಡಿಸಿದ, ಹಣ ಕೂಡಿಸಿದ, ದಾವೆ ಹೂಡಿಸಿದ. ವಾದ ಮಾಡಿದ ಯುವಕ ವಕೀಲ ಚೆಸ್ಟರ್ ಆರ್ಥರ್, ಮುಂದೆ 1881ರಲ್ಲಿ ದೇಶದ ಅಧ್ಯಕ್ಷನಾದವನು. 1855ರಲ್ಲಿ ಎಲಿಜಬೆತ್ ಗೆದ್ದಳು. 225 ಡಾಲರ್ ಪರಿಹಾರ. ಬಹಳ ಸಣ್ಣ ಮೊತ್ತ, ಬಹಳ ದೊಡ್ಡ ಗೆಲುವು. ಸಾಹುಕಾರ ಸೋತ ಕಡೆ ಒಬ್ಬ ಶಿಕ್ಷಕಿ ಗೆದ್ದದ್ದು ಹೇಗೆ? ಅವಳ ಹಿಂದೆ ಒಂದು ಸಮುದಾಯ ನಿಂತಿತ್ತು. ನಡುವೆ ಕಳೆದ ವರ್ಷಗಳಲ್ಲಿ ಸಂಘ, ಸಭೆ, ಪತ್ರಿಕೆ, ಶಾಲೆ ಎಲ್ಲ ಬೆಳೆದಿದ್ದವು. ಡೌನಿಂಗ್ ಬೆವರು ಸುರಿಸಿದ್ದು ಅಲ್ಲೇ.

ಗೆದ್ದೆವು ಅಂತ ಕೂರುವ ಹಾಗಿರಲಿಲ್ಲ. 1863ರ ಜುಲೈನಲ್ಲಿ, ಅಂತರ್ಯುದ್ಧಕ್ಕೆ ಕಡ್ಡಾಯ ಸೈನ್ಯ ಸೇರಿಸುವುದನ್ನು ವಿರೋಧಿಸಿ ನ್ಯೂಯಾರ್ಕಿನಲ್ಲಿ ದಂಗೆ ಎದ್ದಿತು. ಸಿಟ್ಟು ತಿರುಗಿದ್ದು ಕಪ್ಪು ಜನರ ಮೇಲೆ. ಬೀದಿಯಲ್ಲಿ ನೇಣು ಹಾಕಿದರು. ಕಪ್ಪು ಅನಾಥ ಮಕ್ಕಳ ಆಶ್ರಮಕ್ಕೆ ಬೆಂಕಿ ಇಟ್ಟರು. ಬಡ ಬಿಳಿಯನ ಕೈಯಲ್ಲಿ ಬಡ ಕರಿಯನನ್ನು ಕೊಲ್ಲಿಸುವ ಈ ಆಟ ನಮಗೆ ಹೊಸದಲ್ಲ.

1866ರ ಏಪ್ರಿಲ್ 9ರಂದು ಅಮೆರಿಕದ ಸಂಸತ್ತು ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ನನ ತಡೆಯನ್ನು ಮುರಿದು ನಾಗರಿಕ ಹಕ್ಕುಗಳ ಕಾಯಿದೆ ಪಾಸು ಮಾಡಿತು. ಆ ನೆಲದಲ್ಲಿ ಹುಟ್ಟಿದ ಕಪ್ಪು ಜನ ಆ ದೇಶದ ಪ್ರಜೆಗಳು ಅಂತ ಮೊದಲ ಸಲ ಕಾನೂನು ಹೇಳಿತು. ಮಾರನೇ ದಿನ, ಏಪ್ರಿಲ್ 10ರಂದು, ಥಾಮಸ್ ಡೌನಿಂಗ್ ಸತ್ತ. 75 ವರ್ಷದ ಬದುಕಿನಲ್ಲಿ ಒಂದು ದಿನದ ಪೌರತ್ವ. ಅವನ ಅಂತ್ಯಕ್ರಿಯೆಗೆ ಸದಸ್ಯರು ಹೋಗಲಿ ಅಂತ ನ್ಯೂಯಾರ್ಕಿನ ವಾಣಿಜ್ಯ ಮಂಡಳಿ ಬಾಗಿಲು ಮುಚ್ಚಿತು. ಬದುಕಿದ್ದವನಿಗೆ ರೈಲಿನಲ್ಲಿ ಜಾಗ ಕೊಡದ ಊರು, ಸತ್ತವನಿಗೆ ರಜೆ ಕೊಟ್ಟಿತು.

ಮಗ ಜಾರ್ಜ್ ಡೌನಿಂಗ್ ಅಪ್ಪನ ಕಸುಬನ್ನೂ ಅಪ್ಪನ ಜಗಳವನ್ನೂ ಹಿಡಿದು ಮುಂದೆ ನಡೆದ. ರೋಡ್ ಐಲೆಂಡ್ ರಾಜ್ಯದಲ್ಲಿ ಕಪ್ಪು ಮಕ್ಕಳಿಗೆ ಬೇರೆ ಶಾಲೆ ಬೇಡ ಅಂತ ವರ್ಷಗಟ್ಟಲೆ ಹೋರಾಡಿ 1866ರಲ್ಲಿ ಗೆದ್ದ. ಅದೇ ವರ್ಷ ಫೆಬ್ರವರಿ 7ರಂದು ಫ್ರೆಡರಿಕ್ ಡಗ್ಲಸ್ ಜೊತೆ ಹೋಗಿ ಅಧ್ಯಕ್ಷ ಜಾನ್ಸನ್ನನ ಎದುರು ನಿಂತು ಮತದ ಹಕ್ಕು ಕೇಳಿದ. ಜಾನ್ಸನ್ ಒಪ್ಪಲಿಲ್ಲ. ವಾಷಿಂಗ್ಟನ್ನಿನಲ್ಲಿ ಪ್ರತಿನಿಧಿ ಸಭೆಯ ಊಟದ ಮನೆ ನಡೆಸುತ್ತಿದ್ದವನೂ ಈ ಜಾರ್ಜನೇ. ಶಾಸನ ಮಾಡುವವರು ಹಸಿದು ಬರುವ ಜಾಗ. ಅಲ್ಲಿ ಅವನು ತಟ್ಟೆಯ ಜೊತೆ ತನ್ನ ಜನರ ಅಹವಾಲನ್ನೂ ಇಟ್ಟ. ಛತ್ರ, ರೈಲು, ನಾಟಕಶಾಲೆ ಎಲ್ಲರಿಗೂ ತೆರೆದಿರಬೇಕು ಅನ್ನುವ ಮಸೂದೆಗೆ ಹೋರಾಡಿದ ಸೆನೆಟರ್ ಚಾರ್ಲ್ಸ್ ಸಮ್ನರ್ 1874ರಲ್ಲಿ ಸಾಯುವಾಗ ಜಾರ್ಜ್ ಅವನ ಹಾಸಿಗೆಯ ಪಕ್ಕದಲ್ಲಿದ್ದ. 1875ರಲ್ಲಿ ಆ ಕಾಯಿದೆ ಬಂತು. 1883ರಲ್ಲಿ ಸುಪ್ರೀಂ ಕೋರ್ಟು ಅದನ್ನು ಹೊಡೆದು ಹಾಕಿತು. 1960ರ ಫೆಬ್ರವರಿ 1ರಂದು ಗ್ರೀನ್ಸ್‌ಬರೋ ಅನ್ನುವ ಊರಿನಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ಬಿಳಿಯರಿಗೆ ಮಾತ್ರ ಅಂತಿದ್ದ ತಿಂಡಿ ಕಟ್ಟೆಯ ಮುಂದೆ ಕೂತರು. ಕಾಫಿ ಕೇಳಿದರು. ಕೊಡಲಿಲ್ಲ. ಏಳಲಿಲ್ಲ. ಮಾರನೇ ದಿನ ಇನ್ನಷ್ಟು ಜನ ಬಂದರು. 1964ರಲ್ಲಿ ಕಾಯಿದೆ ಮತ್ತೆ ಬಂತು. ಡೌನಿಂಗ್ ಅಂಗಡಿ ತೆರೆದ 139 ವರ್ಷಕ್ಕೆ ಊಟದ ಕುರ್ಚಿ ಕಾನೂನಿನಲ್ಲಿ ಎಲ್ಲರದೂ ಆಯಿತು.

ಒಬ್ಬ ಡೌನಿಂಗನ ಹೆಸರು ಉಳಿಯಿತು. ಸಿಂಪಿ ಎತ್ತಿದ ಸಾವಿರ ಕೈಗಳದು? ನ್ಯೂಯಾರ್ಕಿನ ಸ್ಟೇಟನ್ ಐಲೆಂಡಿನಲ್ಲಿ ಸ್ಯಾಂಡಿ ಗ್ರೌಂಡ್ ಅನ್ನುವ ಕೇರಿ ಇದೆ. 1828ರಲ್ಲಿ ಜಾನ್ ಜಾಕ್ಸನ್ ಅನ್ನುವ ಕಪ್ಪು ಮನುಷ್ಯ ಅಲ್ಲಿ ಮೊದಲು ನೆಲ ಕೊಂಡ. ಮೇರಿಲ್ಯಾಂಡಿನಲ್ಲಿ ಕಪ್ಪು ಜನ ತಮ್ಮದೇ ದೋಣಿ ನಡೆಸಲು ಕಾನೂನು ಅಡ್ಡ ಬಂದಾಗ ಅಲ್ಲಿನ ಸ್ನೋ ಹಿಲ್ ಕಡೆಯ ಸಿಂಪಿಗಾರರು ಈ ಕೇರಿಗೆ ಬಂದು ನೆಲೆನಿಂತರು. ಮನೆ ಕಟ್ಟಿದರು, 1850ರಲ್ಲಿ ಚರ್ಚು ಸ್ಥಾಪಿಸಿದರು. ಆದರೆ ನಗರ ತನ್ನ ಮಲವನ್ನೂ ಕಾರ್ಖಾನೆಗಳ ವಿಷವನ್ನೂ ಅದೇ ನೀರಿಗೆ ಬಿಟ್ಟಿತು. ಸಿಂಪಿ ನೀರನ್ನು ಸೋಸಿ ಬದುಕುವ ಜೀವ. ನಗರದ ಕೊಳೆಯನ್ನೆಲ್ಲ ತನ್ನ ಮೈಯೊಳಗೆ ಎಳೆದುಕೊಂಡಿತು. ವಿಷಮಶೀತ ಜ್ವರ ಹಬ್ಬಿತು. 1916ರಲ್ಲಿ ಆರೋಗ್ಯ ಮಂಡಳಿ ಅಲ್ಲಿನ ಸಿಂಪಿ ಪಾತಿಗಳಿಗೆ ನಿಷೇಧ ಹಾಕಿತು. 1927ರಲ್ಲಿ ನ್ಯೂಯಾರ್ಕಿನ ಕೊನೆಯ ಪಾತಿಯೂ ಮುಚ್ಚಿತು. ಕೊಳೆ ಬಿಟ್ಟವರು ಒಬ್ಬರು, ಕಸುಬು ಕಳಕೊಂಡವರು ಇನ್ನೊಬ್ಬರು. ಈ ಲೆಕ್ಕ ಎಲ್ಲ ದೇಶದಲ್ಲೂ ಒಂದೇ.

ಈಗ ನಮ್ಮ ಮಾತಿಗೆ ಬರೋಣ. ನ್ಯೂಯಾರ್ಕಿನ ಸಿಂಪಿಗೂ ನಮ್ಮ ಹಟ್ಟಿಗೂ ಏನು ಸಂಬಂಧ ಅಂತ ಕೇಳುವವರಿಗೆ ಉತ್ತರ ಹಳೆಯದೇ ಇದೆ. 1873ರಲ್ಲಿ ಜೋತಿಬಾ ಫುಲೆ ಗುಲಾಮಗಿರಿ ಅನ್ನುವ ತಮ್ಮ ಪುಸ್ತಕವನ್ನು ಅರ್ಪಿಸಿದ್ದು ಕಪ್ಪು ಗುಲಾಮರ ಬಿಡುಗಡೆಗೆ ಹೋರಾಡಿದ ಅಮೆರಿಕದ ಸಜ್ಜನರಿಗೆ. 1913ರಲ್ಲಿ ಬಾಬಾಸಾಹೇಬ ಅಂಬೇಡ್ಕರರು ಓದಲು ಹೋದದ್ದು ಇದೇ ನ್ಯೂಯಾರ್ಕಿಗೆ, ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ. 1946ರಲ್ಲಿ ಅವರು ಕಪ್ಪು ಜನರ ಚಿಂತಕ ಡಬ್ಲ್ಯು. ಇ. ಬಿ. ಡು ಬೋಯಿಸರಿಗೆ ಕಾಗದ ಬರೆದು, ಅಸ್ಪೃಶ್ಯರ ಸ್ಥಿತಿಗೂ ಕಪ್ಪು ಜನರ ಸ್ಥಿತಿಗೂ ಇರುವ ಹೋಲಿಕೆಯನ್ನು ಹೇಳಿದರು. ಡು ಬೋಯಿಸ್ ಉತ್ತರ ಬರೆದರು. ನಾವು ಹೊಸದಾಗಿ ನೆಂಟಸ್ತನ ಹುಡುಕುತ್ತಿಲ್ಲ. ಹಿರಿಯರು ಕೂಡಿಸಿದ ನೆಂಟಸ್ತನ ಇದು.

ಹೋಲಿಕೆ ಇದೆ, ಆದರೆ ವ್ಯತ್ಯಾಸವನ್ನೂ ಕಾಣಬೇಕು. ಅಮೆರಿಕದ ಒಡೆಯ ಗುಲಾಮಳ ಕೈ ಅಡುಗೆ ಉಂಡ, ತನ್ನ ಮಗುವಿಗೆ ಅವಳ ಎದೆಹಾಲು ಕುಡಿಸಿದ. ಆದರೆ ಪಕ್ಕದಲ್ಲಿ ಕೂರಿಸಲಿಲ್ಲ. ಅಲ್ಲಿ ಕುರ್ಚಿಗೆ ಮೈಲಿಗೆ. ಇಲ್ಲಿ ಕೈಗೇ ಮೈಲಿಗೆ. ನಮ್ಮ ಕೈ ಬೆಳೆದ ರಾಗಿ ಆಗ್ತದೆ, ನಮ್ಮ ಕೈ ಮುದ್ದೆ ಕಟ್ಟಿದರೆ ಆಗೋದಿಲ್ಲ. ಡೌನಿಂಗನಿಗೆ ವಾಲ್ ಸ್ಟ್ರೀಟಿನಲ್ಲಿ ಅಂಗಡಿ ತೆರೆಯಲು ಸಾಧ್ಯವಾದದ್ದು ಇದೇ ವ್ಯತ್ಯಾಸದಿಂದ. ಅದೇ ಕಾಲದಲ್ಲಿ ನಮ್ಮೂರ ಅಗ್ರಹಾರದ ಬಾಯಲ್ಲಿ ನಮ್ಮ ಅಜ್ಜ ಒಂದು ಅನ್ನದಂಗಡಿ ಇಟ್ಟಿದ್ದರೆ ಏನಾಗ್ತಿತ್ತು? ಅಂಗಡಿಯೂ ಉಳೀತಿರಲಿಲ್ಲ, ಅಜ್ಜನೂ ಉಳೀತಿರಲಿಲ್ಲ.

ಕಾಗದದಲ್ಲಿ ನಾವು ಅಮೆರಿಕಕ್ಕಿಂತ ಮುಂದೆ. ಅಂಗಡಿ, ಹೋಟೆಲು, ಉಪಾಹಾರ ಗೃಹಗಳಿಗೆ ಯಾರನ್ನೂ ಜಾತಿಯ ಕಾರಣಕ್ಕೆ ತಡೆಯಬಾರದು ಅಂತ ನಮ್ಮ ಸಂವಿಧಾನದ 15ನೇ ವಿಧಿ 1950ರಲ್ಲೇ ಹೇಳಿತು. 17ನೇ ವಿಧಿ ಅಸ್ಪೃಶ್ಯತೆಯನ್ನೇ ತೆಗೆದುಹಾಕಿತು. ಅಮೆರಿಕದ ಕಾಯಿದೆಗಿಂತ 14 ವರ್ಷ ಮುಂಚೆ. ಆಮೇಲೂ ಹಳ್ಳಿ ಹೋಟೆಲುಗಳ ಹೊರಗೋಡೆಗೆ ನಮಗಾಗಿ ಬೇರೆ ಲೋಟ ತೂಗುತ್ತಿತ್ತು. ಅದನ್ನು ಇಳಿಸಿದ್ದು ಸಂವಿಧಾನವನ್ನು ಕೈಯಲ್ಲಿ ಹಿಡಿದು ಹೋಟೆಲಿನ ಒಳಗೆ ನುಗ್ಗಿದ ನಮ್ಮ ಹುಡುಗರು. 2002ರಲ್ಲಿ ನಮ್ಮ ರಾಜ್ಯದ ಶಾಲೆಗಳಲ್ಲಿ ಬಿಸಿಯೂಟ ಶುರುವಾದ ಮೇಲೂ, ಬೇಯಿಸಿದವಳು ದಲಿತಳು ಅಂತ ಮಕ್ಕಳನ್ನು ಉಣ್ಣದ ಹಾಗೆ ಮಾಡಿದ ತಾಯ್ತಂದೆಯರ ಸುದ್ದಿಗಳು ಬಂದವು. ಕೈಯ ಮೈಲಿಗೆ ಅಷ್ಟು ಆಳಕ್ಕೆ ಇಳಿದಿದೆ. ಪಾಠ ಹೇಳುವ ಗೆಳೆಯರು ಇದನ್ನು ದಿನಾ ಕಣ್ಣಾರೆ ಕಾಣುವ ಜಾಗದಲ್ಲಿದ್ದಾರೆ. ಆ ಅಡುಗೆಯ ಎಲೆಯ ಮುಂದೆ ಮೊದಲು ಕೂತು ಉಣ್ಣಬೇಕಾದವರು ಅವರು.

ಡೌನಿಂಗನನ್ನು ಪೂಜೆ ಮಾಡಿ ಅಂತ ನಾವು ಹೇಳುತ್ತಿಲ್ಲ. ಒಬ್ಬನ ಏಳಿಗೆ ಒಂದು ಜನಾಂಗದ ಬಿಡುಗಡೆ ಅಲ್ಲ. ಅವನ ಅಂಗಡಿಯ ತೂಗುದೀಪ ಬಂದರಿನ ಕೂಲಿಯ ಗುಡಿಸಲಿಗೆ ಬೆಳಕು ಕೊಡಲಿಲ್ಲ. ಆದರೆ ಏರಿದ ಮೇಲೆ ಅವನು ಏಣಿಯನ್ನು ಎಳೆದುಕೊಳ್ಳಲಿಲ್ಲ. ತನಗೆ ತೊಂದರೆಯಿಲ್ಲದ ಕಟ್ಟಳೆಯ ವಿರುದ್ಧ ಜಗಳಕ್ಕೆ ನಿಂತ. ತನ್ನ ಮಕ್ಕಳು ಓದಿದ ಮೇಲೂ ಬೇರೆ ಮಕ್ಕಳ ಶಾಲೆಗೆ ದುಡಿದ. ದೊಡ್ಡವರು ಉಣ್ಣುವ ಸೂರಿನ ಕೆಳಗೆ, ಹಿಡಿದರೆ ಸೆರೆಮನೆ ಅಂತ ಗೊತ್ತಿದ್ದೂ, ಓಡಿಬಂದವರಿಗೆ ಜಾಗ ಕೊಟ್ಟ.

ನಮ್ಮ ಮನೆಗಳಲ್ಲಿ ಮೊದಲು ಅಕ್ಷರ ಕಲಿತವರು ನಾವು. ಕೆಲವರು ಗುಮಾಸ್ತರಾಗಿದ್ದೇವೆ, ಕೆಲವರು ಮೇಷ್ಟ್ರು, ಕೆಲವರು ಅಧಿಕಾರಿಗಳು. ಅವರ ಕಚೇರಿಗಳಲ್ಲಿ ನಮಗೂ ಒಂದು ಮೇಜು ಸಿಕ್ಕಿದೆ. ಒಳ್ಳೇ ಪರದೆ, ಒಳ್ಳೇ ದೀಪ. ಕೇರಿಯಿಂದ ಯಾರಾದರೂ ಅರ್ಜಿ ಹಿಡಿದು ಬಾಗಿಲಿಗೆ ಬಂದರೆ ಕೆಲವರಿಗೆ ಮುಖ ಗುರುತೇ ಸಿಗೋದಿಲ್ಲ. ಸಿಕ್ಕ ಮೇಜಿನ ಬಗ್ಗೆ ನಮಗೆ ನಾಚಿಕೆ ಬೇಡ. ನಮ್ಮ ಹಿರಿಯರ ಬೆವರಿನಿಂದ ಬಂದದ್ದು ಅದು. ಕೇಳಬೇಕಾದ ಪ್ರಶ್ನೆ ಬೇರೆ. ಆ ಮೇಜಿನ ಕೆಳಗೆ ನಾವು ಯಾರಿಗೆ ಜಾಗ ಮಾಡಿದ್ದೇವೆ?